ಬಿಡಾರದಿಂದ ಆಸ್ಪತ್ರೆಗೆ ಎಷ್ಟು ಹೊತ್ತು?

(ದತ್ತಿ ಉಪನ್ಯಾಸದ ಪೂರ್ಣಪಾಠ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಕಾವ್ಯಮೀಮಾಂಸೆ ಎಂದು ವಾಡಿಕೆ ಬಿದ್ದಿದೆ. ಅಂಥ ಕಡೆ ಗಾಯಕ್ಕೆ ಪಟ್ಟಿ ಕಟ್ಟುವುದು, ಗುಡಾರ ಹಾಕುವುದು, ಹಾವು ಕಚ್ಚಿದರೆ ಏನು ಮಾಡುವುದು ಎಂಬ ವಿಷಯವನ್ನು ಆರಿಸಿದ್ದಕ್ಕೆ ಸಂಘಟಕರಿಗೆ ಮೊದಲು ಕೃತಜ್ಞತೆ. ನಾನು ವೈದ್ಯನಲ್ಲ. ಎನ್‌ಎಸ್‌ಎಸ್ ಶಿಬಿರಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ಮೇಷ್ಟ್ರು. ಆದ್ದರಿಂದ ನಾನು ಆಡುವುದು ಆಂಬುಲೆನ್ಸು ಬರುವ ತನಕದ ಮಾತು. ಬಂದ ಮೇಲಿನದು ಬಲ್ಲವರಿಗೆ ಬಿಟ್ಟದ್ದು.

ನಮ್ಮ ಪ್ರವಾಸಗಳು ಹೊರಡುವ ಧರ್ಮಪುರಿ, ಸೇಲಂ ನಮಗೆ ಪರಸ್ಥಳವೇನಲ್ಲ. 1965ರ ಅಕ್ಟೋಬರ್ 2ರ ತನಕ ಎರಡೂ ಒಂದೇ ಜಿಲ್ಲೆಯಾಗಿದ್ದವು. ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಪೆನ್ನಾಗರಂ, ಪಾಲಕ್ಕೋಡು ಕಡೆ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ಕುಟುಂಬಗಳು ಇಂದಿಗೂ ಇವೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲೂ ಹಾಗೆಯೇ. ಹೊಗೇನಕಲ್ಲಿನಲ್ಲಿ ನಿಂತು ನೋಡಿದರೆ ಆಚೆ ದಡ ಚಾಮರಾಜನಗರ ಜಿಲ್ಲೆ, ಮಾದಪ್ಪನ ಸೀಮೆ. ಹಾಗಾಗಿ ಬೆಂಗಳೂರು, ಕೋಲಾರ, ಮಂಡ್ಯದ ಶಾಲೆಗಳಿಗೆ ಇದು ಸಲೀಸಾದ ಪ್ರವಾಸದ ದಾರಿ: ಹೊಗೇನಕಲ್ ನೋಡಿ, ಮೆಟ್ಟೂರು ಅಣೆಕಟ್ಟಿನ ಕೆಳಗೆ ಬುತ್ತಿ ಬಿಚ್ಚಿ, ರಾತ್ರಿ ಏರ್ಕಾಡು. ಇನ್ನು ಟೆಂಟೇ ಬೇಕು, ನಡೆಯಲೇಬೇಕು ಎನ್ನುವ ಕಾಲೇಜಿನವರಿಗೆ ವತ್ತಲ್‌ಮಲೈ, ಚಿತ್ತೇರಿ, ಹರೂರಿನ ಹತ್ತಿರದ ತೀರ್ಥಮಲೈ.

ಪ್ರವಾಸದ ಸುತ್ತೋಲೆಯಲ್ಲಿ ಹೊರಡುವ ಗಂಟೆ, ಊಟದ ಗಂಟೆ, ಮರಳುವ ಗಂಟೆ ಎಲ್ಲವೂ ಇರುತ್ತದೆ. ಬಿಡಾರದಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬ ಸಾಲು ಮಾತ್ರ ನಾನು ಯಾವ ಸುತ್ತೋಲೆಯಲ್ಲೂ ಕಂಡಿಲ್ಲ. ಪ್ರಥಮ ಚಿಕಿತ್ಸೆ ಶುರುವಾಗುವುದು ಆ ಸಾಲಿನಿಂದ ಎಂಬುದು ನನ್ನ ವಾದ. ಪೆಟ್ಟಿಗೆಯಲ್ಲಿ ಎಷ್ಟು ಮಾತ್ರೆ ಇವೆ ಎಂಬುದು ಆಮೇಲಿನ ಪ್ರಶ್ನೆ.

ಈ ಹೊತ್ತಿನ ಲೆಕ್ಕವನ್ನು ಚೆನ್ನಾಗಿ ಅರಿತವರು ಇದೇ ಧರ್ಮಪುರಿ ಜಿಲ್ಲೆಯಲ್ಲಿದ್ದಾರೆ. ಕಲ್ವರಾಯನ್ ಮತ್ತು ಚಿತ್ತೇರಿ ಬೆಟ್ಟಗಳ ನಡುವಿನ ಸಿಟ್ಟಿಲಿಂಗಿ ಕಣಿವೆಗೆ 1993ರಲ್ಲಿ ರೆಜಿ ಜಾರ್ಜ್, ಲಲಿತಾ ರೆಜಿ ಎಂಬ ವೈದ್ಯ ದಂಪತಿ ಬಂದರು. ಆಗ ಅಲ್ಲಿಂದ ಹತ್ತಿರದ ಆಸ್ಪತ್ರೆಗೇ ಸುಮಾರು 50 ಕಿಲೋಮೀಟರ್. ಶಸ್ತ್ರಚಿಕಿತ್ಸೆ ಬೇಕೆಂದರೆ ಸೇಲಂ ತನಕ ಹೋಗಬೇಕು. ಒಂದು ಗುಡಿಸಲಿನಲ್ಲಿ ಕೆಲಸ ಶುರು ಮಾಡಿದ ಅವರು ಕಣಿವೆಯ ಮಲಯಾಳಿ ಬುಡಕಟ್ಟಿನ ಹುಡುಗಿಯರನ್ನೇ, ಹೆಚ್ಚು ಓದದವರನ್ನೇ, ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ನಮ್ಮ ಪದವಿ ವಿದ್ಯಾರ್ಥಿಗಳಿಗೆ ಇದು ಕಲಿಯಲಾಗದ ವಿದ್ಯೆ ಎಂದು ಯಾರಾದರೂ ಹೇಳಿದರೆ ಸಿಟ್ಟಿಲಿಂಗಿಯನ್ನು ತೋರಿಸಬಹುದು.

ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ. ಸೇಲಂನಿಂದ ಏರ್ಕಾಡಿಗೆ ಸುಮಾರು 30 ಕಿಲೋಮೀಟರ್, ಹೇಳಿಕೊಳ್ಳಲು ಏನೂ ಅಲ್ಲ. ನಡುವೆ 20 ಹೇರ್‌ಪಿನ್ ತಿರುವುಗಳಿವೆ. ಮಂಜು ಇಳಿದ ಸಂಜೆ, ಮುಂದೊಂದು ಲಾರಿ ಸಿಕ್ಕಿಕೊಂಡರೆ ಅದರ ಲೆಕ್ಕವೇ ಬೇರೆ. ಪೆನ್ನಾಗರಂನಿಂದ ಹೊಗೇನಕಲ್ಲಿಗೆ ಇಳಿಯುವ ರಸ್ತೆ ಕಾಡಿನೊಳಗಿನದು, ಕತ್ತಲಾದ ಮೇಲೆ ಅಲ್ಲಿ ಆನೆಯ ಓಡಾಟ. ಹೊರಡುವ ಮುಂಚೆ ಮೇಷ್ಟ್ರು ಮೂರು ಫೋನು ಮಾಡಬೇಕು. ಬಿಡಾರಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು, ತಾಲ್ಲೂಕು ಆಸ್ಪತ್ರೆಗೆ ಒಂದು. ಎರಡೂ ಕಡೆ 'ಹಾವಿನ ವಿಷಕ್ಕೆ ಇಂಜೆಕ್ಷನ್ ಈಗ ಸ್ಟಾಕ್ ಇದೆಯೇ, ರಾತ್ರಿ ಡಾಕ್ಟರು ಇರುತ್ತಾರೆಯೇ' ಎಂದು ಕೇಳಬೇಕು. ಮೂರನೆಯದು ಆ ಊರಿನಲ್ಲಿ ವಾಹನ ಇರುವ ಒಬ್ಬ ಮನುಷ್ಯನಿಗೆ. 108 ಸೇವೆ ತಮಿಳುನಾಡಿನಲ್ಲಿ 2008ರಿಂದ ಇದೆ, ಒಳ್ಳೆಯ ಸೇವೆ. ಅದಕ್ಕೂ ದಾರಿ ಗೊತ್ತಾಗಬೇಕಲ್ಲ? ಬಿಡಾರದ ಊರಿನ ಹೆಸರು, ಹತ್ತಿರದ ಗುಡಿ, ಬಸ್ ನಿಲ್ದಾಣ, ಇಷ್ಟನ್ನು ತಮಿಳಿನಲ್ಲಿ ಹೇಳಬಲ್ಲ ಒಬ್ಬ ವಿದ್ಯಾರ್ಥಿಯನ್ನು ಗುರುತಿಸಿಟ್ಟುಕೊಳ್ಳಿ. ಸಿಗ್ನಲ್ ಯಾವ ಬಂಡೆಯ ಮೇಲೆ ಸಿಗುತ್ತದೆ ಎಂಬುದನ್ನು ಬೆಳಕಿರುವಾಗಲೇ ಹುಡುಕಿಡಿ.

ಎಲ್ಲಕ್ಕಿಂತ ಮೊದಲು ನೀರಿನ ಮಾತು. ಹಾವಿಗೆ ಹೆದರುವಷ್ಟು ನಮ್ಮ ಮಕ್ಕಳು ನೀರಿಗೆ ಹೆದರುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ನೀರಿಗೆ.

ಹೊಗೇನಕಲ್ಲಿನ ಹೊಳೆ ಹೊಗೇನಕಲ್ಲಿನ ಮಳೆಯನ್ನು ಕಾದು ಏರುವುದಿಲ್ಲ. ಕೊಡಗಿನಲ್ಲಿ, ವಯನಾಡಿನಲ್ಲಿ ಹೊಯ್ದ ಮಳೆಗೆ ಕೃಷ್ಣರಾಜಸಾಗರ, ಕಬಿನಿ ತುಂಬುತ್ತವೆ. ಅಲ್ಲಿ ಗೇಟು ಎತ್ತಿದ ನೀರು ಮೇಕೆದಾಟಿನ ಇಕ್ಕಟ್ಟು ದಾಟಿ ಇಲ್ಲಿಗೆ ಬರುವಾಗ ನಿಮ್ಮ ತಲೆಯ ಮೇಲೆ ಒಂದು ಮೋಡವೂ ಇಲ್ಲದಿರಬಹುದು. ದಾರಿಯಲ್ಲಿ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಎರಡು ರಾಜ್ಯಗಳ ನೀರಿನ ಲೆಕ್ಕ ಬರೆಯುವ ಜಾಗ ಅದೇ. ಒಳಹರಿವು ಏರಿದಾಗ ಧರ್ಮಪುರಿ ಜಿಲ್ಲಾಡಳಿತ ಸ್ನಾನವನ್ನೂ ಹರಿಗೋಲನ್ನೂ ನಿಲ್ಲಿಸುತ್ತದೆ. ಪತ್ರಿಕೆಯಲ್ಲಿ 'ಹತ್ತು ಸಾವಿರ ಕ್ಯೂಸೆಕ್' ಎಂದು ಓದಿ ಪುಟ ತಿರುಗಿಸುತ್ತೇವೆ. ಹಾಗೆಂದರೆ ಸೆಕೆಂಡಿಗೆ ಸುಮಾರು 2.83 ಲಕ್ಷ ಲೀಟರ್ ನೀರು. 'ಇಷ್ಟು ದೂರ ಬಂದಿದ್ದೇವೆ, ಕಾಲಾದರೂ ನೆನೆಸೋಣ ಸಾರ್' ಎಂಬ ಮಾತಿಗೆ ಆ ಅಂಕಿಯೇ ಉತ್ತರ.

2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ 24 ಮಂದಿ, ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅದೇ ವರ್ಷದ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಹೋದರು. ಹೊಳೆ, ಕೆರೆ, ಕಡಲು ಮೂರೂ ಆಯಿತು. ಸಾಹಸ ಮಾಡಲು ಹೋದವರು ಇವರಲ್ಲಿ ಯಾರೂ ಇರಲಿಲ್ಲ.

ಹೊಗೇನಕಲ್ಲಿನಲ್ಲಿ ಹರಿಗೋಲಿಗೆ ಪರಿಸಲು ಎನ್ನುತ್ತಾರೆ. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಅದು ದುಂಡಗಿರುವುದರಿಂದ ಒಬ್ಬ ಎದ್ದು ನಿಂತರೆ ಸಾಕು, ಇಡೀ ಬುಟ್ಟಿ ಆ ಕಡೆಗೆ ವಾಲುತ್ತದೆ. ಕೂತವರು ಕೂತೇ ಇರಬೇಕು, ಜಾಕೆಟ್ಟಿನ ಗುಂಡಿ ಹಾಕಿಯೇ ಇರಬೇಕು, ಸೆಲ್ಫಿ ದಡದಲ್ಲಿ. ಬಿಸಿಲುಗಾಲದಲ್ಲಿ ನೀರು ಇಳಿದು ಬಂಡೆ ಮೇಲೆದ್ದಾಗ ಜನ ಇನ್ನೂ ಧೈರ್ಯಗೊಳ್ಳುತ್ತಾರೆ. ಆಗ ಬಂಡೆಯ ಪಾಚಿ, ಬಂಡೆಗಳ ನಡುವಿನ ಮಡು ಹೆಚ್ಚು ಅಪಾಯ. ಮೊಸಳೆಯೂ ಈ ಹೊಳೆಯದೇ ಜೀವಿ ಎಂಬುದನ್ನು ಮಕ್ಕಳಿಗೆ ಹೇಳಿದರೆ ತಪ್ಪಿಲ್ಲ. ನಿಜವಾದ ಮಾತೇ, ಜೊತೆಗೆ ಬೇಗ ಪರಿಣಾಮ ಬೀರುತ್ತದೆ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಲ್ಲವನು ತಟ್ಟನೆ ಹಾರುತ್ತಾನೆ. ಮುಳುಗುವವನು ಅವನ ಕುತ್ತಿಗೆ ತಬ್ಬುತ್ತಾನೆ, ಒಂದು ಸಾವು ಎರಡಾಗುತ್ತದೆ. ನಮ್ಮ ಕೆರೆ, ಕಲ್ಲುಕ್ವಾರಿಗಳ ಸುದ್ದಿಯಲ್ಲಿ 'ರಕ್ಷಿಸಲು ಹೋದ ಗೆಳೆಯನೂ' ಎಂಬ ಸಾಲು ಮತ್ತೆ ಮತ್ತೆ ಬರುವುದು ಇದಕ್ಕೇ. ಆದ್ದರಿಂದ ಕೈಗೆ ಸಿಕ್ಕ ಕೋಲು, ಪಂಚೆ, ದುಪಟ್ಟಾ ಚಾಚಿ. ಎಟುಕದಿದ್ದರೆ ಎಸೆಯಿರಿ. ಎಸೆಯಲು ನಾನು ಇವತ್ತು ತಂದಿರುವ ಈ ಸಾಮಾನು ನೋಡಿ: 5 ಲೀಟರಿನ ಖಾಲಿ ಎಣ್ಣೆ ಕ್ಯಾನು, ಅದರ ಹಿಡಿಗೆ ಕಟ್ಟಿದ 20 ಮೀಟರ್ ನೈಲಾನ್ ಹಗ್ಗ. ಕ್ಯಾನಿನ ತಳದಲ್ಲಿ ಎರಡು ಬೆರಳು ನೀರು ಬಿಟ್ಟು ಮುಚ್ಚಳ ಬಿಗಿಯಬೇಕು. ಪೂರ್ತಿ ಖಾಲಿಯಿದ್ದರೆ ಗಾಳಿಗೆ ಹಾರಿ ಎತ್ತಲೋ ಬೀಳುತ್ತದೆ. ಹಗ್ಗವನ್ನು ಸಡಿಲ ಸುರುಳಿ ಮಾಡಿ ಎಡಗೈಯಲ್ಲಿಟ್ಟು, ಕೆಳಗೈ ಬೀಸಿನಲ್ಲಿ, ಅವನ ತಲೆ ದಾಟಿ ಆಚೆ ಬೀಳುವಂತೆ ಎಸೆಯಬೇಕು. ಕ್ಯಾನು ಆಚೆ ಬಿದ್ದರೆ ಹಗ್ಗ ಅವನ ಭುಜದ ಮೇಲೆ ಬೀಳುತ್ತದೆ, ಈಚೆ ಬಿದ್ದರೆ ಯಾರಿಗೂ ಸಿಗುವುದಿಲ್ಲ. ಹಗ್ಗದ ತುದಿಯನ್ನು ನಿಮ್ಮ ಸೊಂಟಕ್ಕಾಗಲಿ ಮಣಿಕಟ್ಟಿಗಾಗಲಿ ಕಟ್ಟಿಕೊಳ್ಳಬೇಡಿ. ಎಳೆಯುವಾಗ ಕುಳಿತುಕೊಳ್ಳಿ ಅಥವಾ ಹಿಂದಿನವನಿಗೆ ನಿಮ್ಮನ್ನು ಹಿಡಿದುಕೊಳ್ಳಲು ಹೇಳಿ. ಇದಕ್ಕಾಗುವ ಖರ್ಚು ಒಂದು ಬ್ಯಾನರಿನ ಖರ್ಚಿಗಿಂತ ಕಡಿಮೆ.

ದಡಕ್ಕೆ ತಂದ ಮೇಲೆ ನಮ್ಮವರು ಮಾಡುವ ಮೊದಲ ಕೆಲಸ ಹೊಟ್ಟೆ ಅಮುಕುವುದು, ತಲೆಕೆಳಗು ಹಿಡಿಯುವುದು, ಹೆಗಲ ಮೇಲೆ ಹಾಕಿಕೊಂಡು ಗಿರಗಿರ ತಿರುಗಿಸುವುದು. 'ಕುಡಿದ ನೀರು ಕಕ್ಕಲಿ' ಎಂಬ ಆಸೆ. ಕಕ್ಕಿದ್ದು ಶ್ವಾಸನಾಳಕ್ಕೆ ಹೋಗುವುದಷ್ಟೇ ಲಾಭ. ಮುಳುಗಿದವನಿಗೆ ಕೊರತೆಯಾಗಿರುವುದು ಗಾಳಿ. ಮಾತಿಗೆ ಮಿಸುಕದೆ, ಉಸಿರೂ ಸರಿಯಾಗಿ ಆಡದೆ ಇದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು 30 ಬಾರಿ ಒತ್ತಿ, ಮತ್ತೆ ಎರಡು ಉಸಿರು. ದೊಡ್ಡವರಿಗೆ ಒತ್ತುವ ಆಳ 5 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಆದ್ದರಿಂದ ಆಳು ಬದಲಾಗುತ್ತಿರಬೇಕು. ಉಸಿರಾಡುತ್ತಾ ಎಚ್ಚರ ತಪ್ಪಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು. ಎದ್ದು ಕೂತು 'ಏನಿಲ್ಲ ಸಾರ್, ಸರಿಹೋಯ್ತು' ಎಂದವನನ್ನೂ ಆಸ್ಪತ್ರೆಗೆ ಒಯ್ಯಿರಿ. ಶ್ವಾಸಕೋಶದೊಳಗೆ ಹೋದ ನೀರು ಕೆಲವು ಗಂಟೆ ಕಳೆದ ಮೇಲೂ ಉಸಿರು ಕಟ್ಟಿಸಬಹುದು.

ಇನ್ನು ಹಾವು. 2000ದಿಂದ 2019ರ ತನಕ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಕರ್ನಾಟಕ 2024ರ ಆರಂಭದಲ್ಲೂ ತಮಿಳುನಾಡು ಅದೇ ವರ್ಷದ ನವೆಂಬರಿನಲ್ಲೂ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿದವು. ಸಾವಿಗೆ ಮುಖ್ಯ ಕಾರಣ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಧರ್ಮಪುರಿ, ಸೇಲಂ ಕಡೆಯವರ ಬಾಯಲ್ಲಿ ಕೊನೆಯ ಮೂರು ಕಟ್ಟುವಿರಿಯನ್, ಕಣ್ಣಾಡಿ ವಿರಿಯನ್, ಸುರುಟ್ಟೈ ವಿರಿಯನ್. ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಇದೆ. ಅದಕ್ಕೆ ಬೇಕಾದ ವಿಷವನ್ನು ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಲ್ಲಿ ಹುಟ್ಟಿದ ಇರುಳರ ಸಹಕಾರ ಸಂಘ ಒದಗಿಸುತ್ತಾ ಬಂದಿದೆ.

ಶಿಬಿರದ ಮಟ್ಟಿಗೆ ಇವುಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಕಟ್ಟುಹಾವನ್ನು. ಅದು ರಾತ್ರಿಯ ಹಾವು. ನೆಲದ ಮೇಲೆ ಮಲಗಿದವರ ಪಕ್ಕಕ್ಕೆ ಬಂದು, ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹುಡುಗ ಹೊಟ್ಟೆನೋವು ಎನ್ನುತ್ತಾನೆ. ರಾತ್ರಿಯ ಪರೋಟ ಕೆಟ್ಟಿತ್ತೇನೋ ಎಂದು ನಾವು ಜೀರಿಗೆ ಕಷಾಯ ಮಾಡುತ್ತೇವೆ. ಅಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರಾಡುವ ಸ್ನಾಯುಗಳೂ ಸೋಲುತ್ತವೆ. ನೆಲದಲ್ಲಿ ಮಲಗಿ ಎದ್ದವರಿಗೆ ಬೆಳಗಿನ ಹೊಟ್ಟೆನೋವಿನ ಜೊತೆ ರೆಪ್ಪೆ ಜೋಲಿದರೆ ಅದು ಹಾವು ಎಂದೇ ತಿಳಿದು ಹೊರಡಿ. ಇದನ್ನು ತಡೆಯುವ ಉಪಾಯ ಪುಕ್ಕಟೆಯೆಂದರೂ ಆದೀತು: ಸೊಳ್ಳೆಪರದೆಯ ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುವುದು. ಟೆಂಟಾದರೆ ಜಿಪ್ಪನ್ನು ಪೂರ್ತಿ ಎಳೆಯುವುದು. ಕಾಲೇಜು ಹುಡುಗರ ಟೆಂಟುಗಳ ಜಿಪ್ಪು ರಾತ್ರಿ ಹತ್ತಾದರೂ ಅರ್ಧ ತೆರೆದೇ ಇರುತ್ತದೆ, ಮಾತು ಮುಗಿದಿರುವುದಿಲ್ಲ. ಶೌಚಕ್ಕೆ ಏಳುವವರು ಬೂಟು ಕೊಡವಿ ಹಾಕಿ, ಟಾರ್ಚು ಬಿಟ್ಟು ನಡೆಯಬೇಕು. ತಿಂಡಿ ಚೆಲ್ಲಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಕಚ್ಚಿದರೆ? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ಸರಿ. ಹಾವನ್ನು ಅದರ ಪಾಡಿಗೆ ಬಿಡಿ. ಕೋಲು ಬೇಕಾಗಿರುವುದು ಕಾಲಿಗೆ ದಬ್ಬೆ ಕಟ್ಟಲು. ಕಚ್ಚಿಸಿಕೊಂಡವನನ್ನು ಇದ್ದಲ್ಲೇ ಕೂರಿಸಿ. ಒಂದು ಹೆಜ್ಜೆಯೂ ನಡೆಸಬೇಡಿ. ಉಂಗುರ, ಕಾಲ್ಗೆಜ್ಜೆ, ಕೈಗೆ ಕಟ್ಟಿದ ದಾರ, ಬಿಗಿ ಬೂಟು ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಎರಡು ಕ್ರಿಕೆಟ್ ಸ್ಟಂಪು, ಅಥವಾ ಮಡಚಿದ ಕೊಡೆ, ಅಥವಾ ಟೆಂಟಿನ ಗಳು ತೆಗೆದುಕೊಂಡು ಕಾಲಿನ ಎರಡು ಪಕ್ಕ ಇಟ್ಟು, ಮೂಳೆ ಮುರಿದ ಕಾಲಿಗೆ ಕಟ್ಟುವ ಹಾಗೆ ಲುಂಗಿಯ ಪಟ್ಟಿಗಳಿಂದ ನಾಲ್ಕು ಕಡೆ ಕಟ್ಟಿ. ಕಟ್ಟಿನ ಕೆಳಗೆ ಒಂದು ಬೆರಳು ಸಲೀಸಾಗಿ ನುಸುಳಬೇಕು. ವಿಷ ಮೇಲೇರದಂತೆ ಬಿಗಿದು ಕಟ್ಟಿದರೆ ಕಾಲಿಗೆ ರಕ್ತ ನಿಂತು ಕಾಲೇ ಹೋದೀತು. ಬ್ಲೇಡು, ಬಾಯಿಯಿಂದ ಹೀರುವುದು, ಸೊಪ್ಪಿನ ರಸ, ಐಸು ಯಾವುದೂ ಬೇಡ. ಬಾಲ್‌ಪೆನ್ನಿನಿಂದ ಅವನ ಮುಂಗೈ ಮೇಲೆ ಕಚ್ಚಿದ ಗಂಟೆ ಬರೆಯಿರಿ. ಆಸ್ಪತ್ರೆಯಲ್ಲಿ ಗಾಬರಿಗೊಂಡ ಹತ್ತು ಮಂದಿ ಹತ್ತು ಸಮಯ ಹೇಳುತ್ತಾರೆ, ಬರೆದದ್ದು ಒಂದೇ ಹೇಳುತ್ತದೆ. ಕಾರು ಸಿಗದ ಹಾದಿಯಲ್ಲಿ ಬೈಕೇ ಗತಿಯಾದರೆ ಅವನನ್ನು ನಡುವೆ ಕೂರಿಸಿ, ಹಿಂದಿನವನು ತಬ್ಬಿ ಹಿಡಿದು ಹೋಗಬಹುದು.

ಆಸ್ಪತ್ರೆಯಲ್ಲಿ ನಡೆಯುವ ಒಂದು ಸಂಗತಿಯನ್ನು ಮೇಷ್ಟ್ರುಗಳು ತಿಳಿದಿರಬೇಕು, ಇಲ್ಲವಾದರೆ ವೃಥಾ ಜಗಳ. ಡಾಕ್ಟರು ಸ್ವಲ್ಪ ರಕ್ತ ತೆಗೆದು, ಒಣಗಿದ ಶುದ್ಧ ಗಾಜಿನ ಕೊಳವೆಗೆ ಹಾಕಿ, ಮೇಜಿನ ಮೇಲೆ ಅಲುಗಾಡಿಸದೆ 20 ನಿಮಿಷ ಬಿಡುತ್ತಾರೆ. ಹುಡುಗನ ಕಡೆಯವರಿಗೆ ಅದು 'ಸುಮ್ಮನೆ ಕೂರಿಸಿದ್ದಾರೆ' ಎಂದೇ ಕಾಣುತ್ತದೆ. 20 ನಿಮಿಷದ ಮೇಲೆ ಕೊಳವೆ ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ದೊಡ್ಡ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆ ಇದು. ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು. ಕೆಲವರ ಮೈಗೆ ಒಗ್ಗದೆ ಪ್ರಾಣಕ್ಕೇ ಬರಬಹುದು. ಅದಕ್ಕೇ ಅದನ್ನು ಶಿಬಿರದ ಪೆಟ್ಟಿಗೆಯಲ್ಲಿಟ್ಟು ಒಯ್ಯುವಂತಿಲ್ಲ, ವೈದ್ಯರೂ ಲೆಕ್ಕ ನೋಡಿ ಕೊಡುತ್ತಾರೆ.

ಚೇಳಿನ ಕುಟುಕಿಗೆ ಹೆಚ್ಚಿನಂಶ ನೋವಷ್ಟೇ. ಆದರೆ ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಕೆಂಪುಚೇಳು ಎಂದು ಶಂಕಿಸಿ ಓಡಬೇಕು. ಅದಕ್ಕೆ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್.

ಈಗ ಬಿಸಿಲು. ಇಲ್ಲಿ ನಾನು ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮಧ್ಯಾಹ್ನ ಬವಳಿ ಬಂದು ಬೀಳುವ ಹುಡುಗಿಯರನ್ನು ಕೇಳಿ ನೋಡಿ, ಬೆಳಿಗ್ಗೆಯಿಂದ ನೀರು ಕುಡಿದಿರುವುದಿಲ್ಲ. ಯಾಕೆಂದರೆ ದಾರಿಯಲ್ಲಿ ಶೌಚಾಲಯ ಇರುವುದಿಲ್ಲ, ಬಸ್ಸು ನಿಲ್ಲಿಸಿ ಎಂದು ಗಂಡು ಮೇಷ್ಟ್ರನ್ನು ಕೇಳಲು ಆಗುವುದಿಲ್ಲ. ಬಾಟಲಿ ಹಿಡಿದು 'ನೀರು ಕುಡಿಯಿರಿ' ಎಂದು ಬೋಧಿಸುವುದಕ್ಕಿಂತ ಎರಡು ಗಂಟೆಗೊಮ್ಮೆ ಶುಚಿಯಾದ ಶೌಚಾಲಯವಿರುವ ಕಡೆ ಬಸ್ಸು ನಿಲ್ಲಿಸುವುದು ದೊಡ್ಡ ಪ್ರಥಮ ಚಿಕಿತ್ಸೆ. ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು, ಅವರ ಚೀಲದಲ್ಲಿ ಸ್ಯಾನಿಟರಿ ಪ್ಯಾಡು ಇರಬೇಕು. ಆ ಪ್ಯಾಡು ರಕ್ತ ಸುರಿಯುವ ಗಾಯದ ಮೇಲೆ ಒತ್ತಿ ಹಿಡಿಯುವುದಕ್ಕೂ ಬಹಳ ಒಳ್ಳೆಯದು, ಗಂಡುಮಕ್ಕಳು ನಾಚಬೇಕಾಗಿಲ್ಲ.

ಬಳಲಿದವರಿಗೆ ನೆರಳು, ಓಆರ್‌ಎಸ್. ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಕಾಲರಾ ರೋಗಿಗಳಿಗೆ ಡ್ರಮ್ಮುಗಳಲ್ಲಿ ಕದಡಿ ಕುಡಿಸಿದ್ದು ಇದರ ಅಣ್ಣತಮ್ಮನನ್ನೇ. ಆದರೆ ಮೈ ಕೆಂಡವಾಗಿ ಮಾತು ತಾಳತಪ್ಪಿದರೆ ಅದು ಬರೀ ಆಯಾಸವಲ್ಲ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು, ಬೀಸುತ್ತಾ 108ಕ್ಕೆ ಕಾಯಬೇಕು. ಎಚ್ಚರ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು.

ಕುಡಿಯುವ ನೀರಿನ ಬಗ್ಗೆ ಧರ್ಮಪುರಿಯದೇ ಒಂದು ತಕರಾರು ಇದೆ. ಇಲ್ಲಿನ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಹೆಚ್ಚು. ಜಪಾನಿನ ಸಾಲದ ನೆರವಿನಿಂದ ಕಟ್ಟಿ 2013ರಲ್ಲಿ ಶುರುವಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಇದಕ್ಕಾಗಿಯೇ ಬಂದದ್ದು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಮರಳಿ ಕುದಿ ಬಂದು ಒಂದು ನಿಮಿಷ ಸಾಕು. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ. ಎರಡು ದಿನ ಕುಡಿದರೆ ಮಕ್ಕಳಿಗೆ ಏನೂ ಆಗದು. ಹಳ್ಳಿಯಲ್ಲಿ ವಾರಗಟ್ಟಲೆ ಶಿಬಿರ ಹೂಡುವವರು ಮಾತ್ರ ನಲ್ಲಿಯ ಕಾವೇರಿ ನೀರು ಎಲ್ಲಿ ಬರುತ್ತದೆ ಎಂದು ವಿಚಾರಿಸಿ.

ಏರ್ಕಾಡಿನ ಕಷ್ಟ ಬೇರೆ ತರಹ. ಸೇಲಂನಲ್ಲಿ ಬೆವರುತ್ತಾ ಹತ್ತಿದವರು 1,500 ಮೀಟರ್ ಎತ್ತರದಲ್ಲಿ ಎಂಟು ಡಿಗ್ರಿ ಕಡಿಮೆ ಕಾವಿಗೆ ಇಳಿಯುತ್ತಾರೆ, ಅದರ ಮೇಲೆ ಮಳೆ. ಒದ್ದೆ ಬಟ್ಟೆ ಬದಲಿಸುವುದೇ ಚಿಕಿತ್ಸೆ. ಚಳಿಯೆಂದು ಇದ್ದಿಲ ಒಲೆಯನ್ನು ಟೆಂಟಿನೊಳಗೋ ಕೋಣೆಯೊಳಗೋ ಇಟ್ಟುಕೊಂಡರೆ ಕಾಣದ, ವಾಸನೆಯಿಲ್ಲದ ಅನಿಲ ನಿದ್ದೆಯಲ್ಲೇ ಮುಗಿಸಿಬಿಡುತ್ತದೆ. ಶೇರ್ವರಾಯನ್ ಗುಡಿಯ ಸುತ್ತ ಬೆಟ್ಟದ ತಲೆ ಬೋಳು ಬಯಲು, ಗುಡುಗು ಕೇಳಿಸಿದ ಕೂಡಲೇ ಬಸ್ಸಿನೊಳಗೆ ಬಂದು ಕಿಟಕಿ ಮುಚ್ಚಿ. ಸಿಡಿಲು ಹೊಡೆದವನ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಿ ಎದೆ ಒತ್ತಬಹುದು. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ, ನಿಂತು ಕೈ ಬೀಸಬೇಡಿ. ಮುಳ್ಳು ತೆಗೆಯಲು ಉಗುರು ಸಾಕು, ಬೇಗ ತೆಗೆಯುವುದು ಮುಖ್ಯ. ತುಟಿ, ನಾಲಿಗೆ ಊದಿ ಉಸಿರು ಸಿಕ್ಕಿದರೆ ಅದು ಆಸ್ಪತ್ರೆಯ ಕೆಲಸ. ಗಾಯವಾದರೆ ನೀರಿನಿಂದ ತೊಳೆದು ಒತ್ತಿ ಹಿಡಿಯಿರಿ. ಈ ಬೆಟ್ಟದಲ್ಲಿ ಕಾಫಿ ಬೆಳೆಯುತ್ತಾರೆಂಬ ಕಾರಣಕ್ಕೆ ಗಾಯಕ್ಕೆ ಕಾಫಿಪುಡಿ ಮೆತ್ತಬೇಡಿ, ಅದರ ಜಾಗ ಲೋಟ. ಸುಟ್ಟಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು, ಟೂತ್‌ಪೇಸ್ಟು ಹಲ್ಲಿಗೆ. ಫಿಟ್ಸ್ ಬಂದವನ ಕೈಗೆ ಬೀಗದಕೈ ಕೊಡುವ ಬದಲು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ಮೀರಿದರೆ ಆಂಬುಲೆನ್ಸ್.

ಬೆಂಕಿಯ ಬಗ್ಗೆ ನನ್ನದು ಹಳೇ ಕಾಲದ ಅಭಿಪ್ರಾಯ. ಕ್ಯಾಂಪ್‌ಫೈರ್ ಇಲ್ಲದೆ ಶಿಬಿರವಾಗದು ಎನ್ನುವವರು ಫೆಬ್ರವರಿಯಿಂದ ಮೇ ತನಕ ಈ ಬೆಟ್ಟಗಳಿಗೆ ಬರದಿರುವುದೇ ಲೇಸು. ಒಣಹುಲ್ಲಿಗೆ ಕಿಡಿ ಸಾಕು. 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರನ್ನು ಕಾಳ್ಗಿಚ್ಚು ಸುತ್ತಿಕೊಂಡು 23 ಮಂದಿ ಸತ್ತರು. ಬೆಂಕಿ ಏರುದಾರಿಯಲ್ಲಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಆದ್ದರಿಂದ ಮೇಲಕ್ಕೆ ಓಡದೆ ಅಡ್ಡಕ್ಕೆ ಸರಿದು ಬಂಡೆಬಯಲನ್ನೋ ಆಗಲೇ ಸುಟ್ಟು ಕರಿದಾದ ನೆಲವನ್ನೋ ಸೇರಬೇಕು. ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಕಾಡಿಗೆ ಹತ್ತಿಯೇ ಸರಿ. ಆ ದುರಂತದ ಮೇಲೆ ತಮಿಳುನಾಡು ಅದೇ ವರ್ಷ ಚಾರಣ ನಿಯಮಗಳನ್ನು ತಂದಿತು. 2024ರಲ್ಲಿ 40 ದಾರಿಗಳನ್ನು ಗುರುತಿಸಿ, ಊರವರನ್ನೇ ಮಾರ್ಗದರ್ಶಕರಾಗಿ ತರಬೇತಿಗೊಳಿಸಿತು. ಅನುಮತಿಯಿಲ್ಲದೆ ನುಗ್ಗುವುದು ಸಾಹಸವಲ್ಲ, ಆಪತ್ತು ಬಂದಾಗ ನೀವು ಎಲ್ಲಿದ್ದೀರೆಂದು ಯಾರಿಗೂ ತಿಳಿಯದ ಸ್ಥಿತಿ.

ಗುಡಾರದ ಜಾಗದ ಬಗ್ಗೆ ಎರಡೇ ಮಾತು. ಚಿನ್ನಾರಿನಂಥ ಹಳ್ಳದ ಒಣಮರಳು ಮೆತ್ತಗಿರುತ್ತದೆ, ಚಂದ ಕಾಣುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ತನಕ ಹಿಂಗಾರು ಹೊಯ್ದರೆ ಮಧ್ಯರಾತ್ರಿ ಅಲ್ಲಿ ಹೊಳೆ. ಮರದಡಿ ಒಣಕೊಂಬೆ ನೋಡಿ. ಶೌಚದ ಗುಂಡಿ ನೀರಿನ ಜಾಗದಿಂದ 60 ಮೀಟರ್ ಆಚೆ ಇರಲಿ. ಕಾವೇರಿ ಉತ್ತರ ವನ್ಯಧಾಮ 2014ರಲ್ಲಿ, ದಕ್ಷಿಣದ್ದು 2022ರಲ್ಲಿ ಘೋಷಣೆಯಾಗಿವೆ. ಅವುಗಳ ಅಂಚಿನ ಊರುಗಳಲ್ಲಿ ಬಾಳೆಹಣ್ಣು, ಬೆಲ್ಲ, ಉಪ್ಪು ಗುಡಾರದೊಳಗಿಟ್ಟು ಮಲಗುವುದು ಆನೆಗೆ ಆಮಂತ್ರಣಪತ್ರ ಕೊಟ್ಟ ಹಾಗೆ. ಎರಡು ಎಂದದ್ದು ನಾಲ್ಕಾಯಿತು, ಕ್ಷಮಿಸಿ.

ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಎನ್‌ಎಸ್‌ಎಸ್ 1969ರಲ್ಲಿ ಗಾಂಧಿ ಶತಾಬ್ದಿಗೆ ಶುರುವಾಯಿತು. ಇಷ್ಟು ವರ್ಷಗಳ ಪರಂಪರೆ ಇದ್ದೂ ನಮ್ಮ ಪ್ರಥಮ ಚಿಕಿತ್ಸೆ ಹೆಚ್ಚಾಗಿ ಪರೀಕ್ಷೆಯ ಉತ್ತರವಾಗಿಯೇ ಉಳಿದಿದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬುದು ಇದಕ್ಕೇ ಹೇಳಿದ ಹಾಗಿದೆ. ಪ್ರಾಂಶುಪಾಲರಲ್ಲಿ ನನ್ನ ಬೇಡಿಕೆ ಇಷ್ಟೇ: ಹೊರಡುವ ಹಿಂದಿನ ಶನಿವಾರ ಅರ್ಧ ದಿನ ಕೊಡಿ. ದಿಂಬಿನ ಮೇಲೆ ಎದೆ ಒತ್ತಲಿ, ಕಾಲಿಗೆ ದಬ್ಬೆ ಕಟ್ಟಲಿ, ಮೈದಾನದಲ್ಲಿ ಕ್ಯಾನು ಎಸೆಯಲಿ. ಆ ದಿನವೇ ಒಂದು ನೋಟುಬುಕ್ಕಿನಲ್ಲಿ ಯಾರಿಗೆ ಆಸ್ತಮಾ, ಯಾರಿಗೆ ಫಿಟ್ಸ್, ಯಾರಿಗೆ ಯಾವ ಔಷಧಿ ಆಗದು ಎಂದು ಪೋಷಕರನ್ನು ಕೇಳಿ ಬರೆದುಕೊಳ್ಳಿ. ಇನ್‌ಹೇಲರ್ ಹುಡುಗನ ಜೇಬಿನಲ್ಲಿರಬೇಕು, ಬಸ್ಸಿನ ಮೇಲಿನ ಟ್ರಂಕಿನಲ್ಲಲ್ಲ.

ಕೊನೆಯದಾಗಿ ಮಂಗಗಳು. ಏರ್ಕಾಡಿನಲ್ಲೂ ಹೊಗೇನಕಲ್ಲಿನಲ್ಲೂ ಅವು ಕೈಯಿಂದ ಚಿಪ್ಸ್ ಕಿತ್ತುಕೊಳ್ಳುತ್ತವೆ, ಪರಚುತ್ತವೆ. ಪರಚಿದ್ದು ಸಣ್ಣದೆಂದು ಮಕ್ಕಳು ಮುಚ್ಚಿಡುತ್ತಾರೆ. ರಕ್ತ ಬರದಿದ್ದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಶುರು ಮಾಡಬೇಕು. ಆದರೆ ಮುಂದಿನ ಸೂಜಿ ಮೂರನೇ ದಿನ, ಆಮೇಲೆ ಏಳನೇ ದಿನ, ಹೀಗೆ ತಿಂಗಳ ತನಕ ಇದೆ. ಅಷ್ಟರಲ್ಲಿ ಹುಡುಗ ಊರಿಗೆ ಮರಳಿ, ಗಾಯ ಮಾಯ್ದು, ಮೇಷ್ಟ್ರು ಪರೀಕ್ಷೆಯ ಗಡಿಬಿಡಿಯಲ್ಲಿ ಮುಳುಗಿರುತ್ತಾರೆ. ಆಸ್ಪತ್ರೆ ಕೊಟ್ಟ ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಬ್ಯಾಗಿನ ತಳ ಸೇರಿರುತ್ತದೆ. ಬಸ್ಸು ಇಳಿದ ರಾತ್ರಿಯೇ ಆ ಚೀಟಿಯನ್ನು ತಂದೆತಾಯಿಯ ಕೈಗೆ ಕೊಟ್ಟು, ಉಳಿದ ತಾರೀಕುಗಳನ್ನು ಅದರ ಹಿಂದೆ ಕನ್ನಡದಲ್ಲಿ ಬರೆದುಕೊಡಿ. ಮೂರನೇ ದಿನ ಬೆಳಿಗ್ಗೆ ಒಂದು ಫೋನೂ ಮಾಡಿ.